ಜಾಥಾ ಸಾಕು, ಫಾರಂ 6 ಕೊಡಿ

ಡಿಗ್ರಿ ಕೊನೇ ವರ್ಷದಲ್ಲಿ ಪ್ರಾಜೆಕ್ಟ್ ಮಾಡಲೇಬೇಕು. ನಮ್ಮ ಗುಂಪಿಗೆ ಬಂದ ವಿಷಯ ‘ಯುವ ಮತದಾರರಲ್ಲಿ ಜಾಗೃತಿ’. ಹೆಸರು ಕೇಳಿದ ಕೂಡಲೇ ಎಲ್ಲರ ಮುಖ ಸಪ್ಪಗಾಯಿತು. ಯಾಕೆಂದರೆ ಇದರಲ್ಲಿ ಏನೇನಿರುತ್ತದೆ ಅಂತ ನಮಗೆ ಬಾಯಿಪಾಠ. ಬ್ಯಾನರ್ ಹಿಡಿದು ಶಿಡ್ಲಘಟ್ಟ ಬಸ್ ಸ್ಟ್ಯಾಂಡ್‌ವರೆಗೆ ಜಾಥಾ, ಕೈ ಮುಂದೆ ಚಾಚಿ ಪ್ರತಿಜ್ಞೆ, ಗ್ರೂಪ್ ಫೋಟೊ, ಕೊನೆಗೆ ಒಂದೊಂದು ಜ್ಯೂಸ್ ಪ್ಯಾಕೆಟ್. ಜನವರಿ 25ರ ಮತದಾರರ ದಿನಕ್ಕೆ ಪ್ರತಿ ವರ್ಷ ಇದೇ ನಡೆಯುತ್ತದೆ.

ಅಷ್ಟಕ್ಕೂ ನಮ್ಮ ಜಿಲ್ಲೆಯವರಿಗೆ ಓಟು ಹಾಕಿ ಅಂತ ಹೇಳಿಕೊಡುವುದೇನಿದೆ? 2023ರ ವಿಧಾನಸಭೆ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಶೇ 85ಕ್ಕಿಂತ ಜಾಸ್ತಿ ಮತದಾನ ಆಗಿದೆ. ಇಡೀ ರಾಜ್ಯದ್ದು ಶೇ 73ರ ಆಸುಪಾಸು. ಬೆಂಗಳೂರಿನವರ ಕಥೆ ಗೊತ್ತೇ ಇದೆ, ಅರ್ಧಕ್ಕರ್ಧ ಜನ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ನಮ್ಮ ಕಡೆ ಎಲೆಕ್ಷನ್ ದಿನ ಎಂದರೆ ಊರಲ್ಲಿ ಜಾತ್ರೆ. ಎಂಬತ್ತು ದಾಟಿದ ಅಜ್ಜಿಯೂ ಬೆಳಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತಿರುತ್ತಾರೆ.

ಆದರೆ ಈ ಶೇಕಡಾ ಲೆಕ್ಕದಲ್ಲಿ ಒಂದು ಮಸಲತ್ತಿದೆ. ಅದನ್ನು ಹಾಕುವುದು ಪಟ್ಟಿಯಲ್ಲಿ ಹೆಸರಿರುವವರ ಮೇಲೆ. ಪಟ್ಟಿಯಲ್ಲೇ ಇಲ್ಲದವರು ಓಟು ಹಾಕಿದವರ ಲೆಕ್ಕಕ್ಕೂ ಬರುವುದಿಲ್ಲ, ಹಾಕದವರ ಲೆಕ್ಕಕ್ಕೂ ಬರುವುದಿಲ್ಲ. ನಮ್ಮ ಕ್ಲಾಸಿನಲ್ಲೇ ಕೇಳಿ ನೋಡಿದೆವು. ಎಲ್ಲರಿಗೂ 18 ದಾಟಿ ಎಷ್ಟೋ ಆಗಿದೆ. ಲಿಸ್ಟಿನಲ್ಲಿ ಹೆಸರಿದೆಯಾ ಎಂದರೆ ಹುಡುಗಿಯರ ಬೆಂಚುಗಳಲ್ಲಿ ಕೈಗಳೇ ಮೇಲೇಳಲಿಲ್ಲ. ಓಟು ಹಾಕಲು ಬೇಜಾರು ಅಂತ ಒಬ್ಬಳೂ ಹೇಳಲಿಲ್ಲ. ‘ಅಪ್ಪ ಮಾಡಿಸ್ತೀನಿ ಅಂದಿದ್ರು’, ‘ಮದುವೆ ಆದ್ಮೇಲೆ ಅಲ್ಲೇ ಮಾಡಿಸಿದ್ರಾಯ್ತು ಅಂತ ಅಮ್ಮ ಅಂದ್ರು’. ಉತ್ತರ ಎಲ್ಲ ಈ ಥರ. ಮದುವೆ ಯಾವಾಗಲೋ, ಓಟು ಅದಕ್ಕಾಗಿ ಕಾಯಬೇಕಾ?

ಅಲ್ಲಿಗೆ ನಮ್ಮ ಪ್ರಾಜೆಕ್ಟ್ ಬದಲಾಯಿತು. ಭಾಷಣ ಬಿಟ್ಟು ಫಾರಂ ತುಂಬಿಸೋಣ ಎಂದುಕೊಂಡೆವು. ಹೊಸದಾಗಿ ಹೆಸರು ಸೇರಿಸಲು ಫಾರಂ 6. ವಿಳಾಸ ಬದಲಾಗಿದ್ದರೆ, ಹೆಸರು ತಪ್ಪಾಗಿದ್ದರೆ ಫಾರಂ 8. ಆಧಾರ್ ಅಥವಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ವಿಳಾಸಕ್ಕೆ ಒಂದು ದಾಖಲೆ, ಒಂದು ಫೋಟೊ, ಇಷ್ಟೇ ಬೇಕಾಗಿರುವುದು. ಮೊಬೈಲ್‌ನಲ್ಲೇ ಹಾಕಬಹುದು, ಬೂತಿನ ಬಿಎಲ್‌ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಅವರ ಹತ್ತಿರವೂ ಕೊಡಬಹುದು. ನಮ್ಮ ಬೀದಿಗೆ ಬಿಎಲ್‌ಒ ಬೇರೆ ಯಾರೂ ಅಲ್ಲ, ಅಂಗನವಾಡಿ ಟೀಚರ್ರೇ. ಚಿಕ್ಕವಳಿದ್ದಾಗಿಂದ ದಿನಾ ನೋಡುತ್ತಿದ್ದೇನೆ, ಅವರ ಹತ್ತಿರ ಈ ಪಟ್ಟಿ ಇರುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ.

ಟೇಬಲ್ ಯಾವಾಗ ಹಾಕುವುದು ಎನ್ನುವುದರಲ್ಲೇ ಅರ್ಧ ಕೆಲಸ ಇತ್ತು. ಸುಮ್ನೆ ಒಂದು ದಿನ ಹಾಕಿದರೆ ‘ನಾಳೆ ತರ್ತೀನಿ’ ಅಂತ ಹೋದವರು ತಿರುಗಿ ಬರುವುದಿಲ್ಲ. ನಮ್ಮ ಗುಂಪಿನ ಹುಡುಗಿಯೊಬ್ಬಳು ಸ್ಕಾಲರ್‌ಶಿಪ್ ಅರ್ಜಿ ಕೊಡುವ ದಿನ ಹಾಕೋಣ ಎಂದಳು. ಆ ದಿನ ಎಲ್ಲರ ಬ್ಯಾಗಲ್ಲೂ ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್, ಫೋಟೊ ಜೆರಾಕ್ಸ್ ಸಮೇತ ಇರುತ್ತವೆ. ಆಫೀಸ್ ಕಿಟಕಿಯ ಪಕ್ಕದಲ್ಲೇ ನಮ್ಮ ಟೇಬಲ್. ಸಾಲಿನಲ್ಲಿ ನಿಂತು ಬೇಜಾರಾಗಿದ್ದವರು ತಾವಾಗೇ ಬಂದು ತುಂಬಿಸಿದರು.

ಕಾಲೇಜಿನ ಹೊರಗೆ ಇಷ್ಟು ಸಲೀಸಿರಲಿಲ್ಲ. ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ ನಮ್ಮ ವಯಸ್ಸಿನ ಹುಡುಗರು ತುಂಬಾ ಜನ ಇದ್ದಾರೆ. ಅಂಥ ಒಂದು ಕಡೆ ಹೋಗಿದ್ದೆವು. ಒಳಗೆ ಬೆಂದ ಗೂಡಿನ ವಾಸನೆ, ಕಣ್ಣಿಗೆ ಹಬೆ. ಒಬ್ಬ ಹುಡುಗ ಬಿಸಿ ನೀರಿನಿಂದ ಕೈ ತೆಗೆದು ಹೆಗಲ ಟವೆಲ್‌ಗೆ ಒರೆಸಿಕೊಂಡು ಪೆನ್ನು ಹಿಡಿದ. ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು. ಸಹಿ ಹಾಕುವಾಗ ಫಾರಂ ಮೂಲೆ ಒದ್ದೆಯಾಯಿತು, ಇನ್ನೊಂದು ಕೊಟ್ಟೆವು. ಅವನ ಹತ್ತಿರ ವೋಟರ್ ಕಾರ್ಡ್ ಇತ್ತು, ಆದರೆ ಅದು ಹಳೇ ಬಾಡಿಗೆ ಮನೆ ವಿಳಾಸದ್ದು. ಆ ಬೂತಿನ ಲಿಸ್ಟಿನಲ್ಲಿ ಹುಡುಕಿದರೆ ಹೆಸರಿಲ್ಲ. ಕಾರ್ಡ್ ಜೇಬಲ್ಲಿದೆ, ಇನ್ನೇನು ಅಂತ ಅವನು ನಿಶ್ಚಿಂತೆಯಿಂದಿದ್ದ. ನಡೆಯುವುದು ಉಲ್ಟಾ. ಲಿಸ್ಟಿನಲ್ಲಿ ಹೆಸರಿದ್ದರೆ ಕಾರ್ಡ್ ಇಲ್ಲದಿದ್ದರೂ ಆಧಾರ್, ಡ್ರೈವಿಂಗ್ ಲೈಸೆನ್ಸ್, ನರೇಗಾ ಜಾಬ್ ಕಾರ್ಡ್ ಯಾವುದಾದರೊಂದು ತೋರಿಸಿ ಓಟು ಹಾಕಬಹುದು. ಹೆಸರೇ ಇಲ್ಲದಿದ್ದರೆ ಕಾರ್ಡ್ ತೋರಿಸಿ ಪ್ರಯೋಜನ ಇಲ್ಲ.

ಇನ್ನು ಕೈಯಲ್ಲಿ ರಿಜಿಸ್ಟರ್ ಹಿಡಿದು ಬೀದಿಗೆ ಇಳಿದರೆ ಎಲ್ಲರದ್ದೂ ಒಂದೇ ಪ್ರಶ್ನೆ. ‘ಮೀದಿ ಏ ಪಾರ್ಟೀ ಅಮ್ಮಾ?’ ಅಂತ ಒಬ್ಬರು ಅಜ್ಜಿ ತೆಲುಗಲ್ಲೇ ಕೇಳಿದರು. ಯಾವ ಪಾರ್ಟೀನೂ ಅಲ್ಲ ಅಜ್ಜಿ, ಕಾಲೇಜಿಂದ ಬಂದಿದ್ದೀವಿ ಎಂದರೆ ಅವರಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು.

ಬೆಂಗಳೂರಿನ ಪಿಜಿಯಲ್ಲಿರುವವರಿಗೆ ಬೇರೆ ಗೊಂದಲ. ಅಲ್ಲಿ ಸೇರಿಸಬೇಕಾ, ಊರಲ್ಲಾ? ಎರಡೂ ಕಡೆ ಇಟ್ಟುಕೊಳ್ಳುವಂತಿಲ್ಲ, ಅದು ಕಾನೂನು. ಓದಲು ಹೋಗಿ ಹಾಸ್ಟೆಲ್‌ನಲ್ಲಿರುವವರು ಊರಿನಲ್ಲೇ ಮುಂದುವರಿಸಬಹುದು, ಇಲ್ಲವೇ ಕಾಲೇಜಿನಿಂದ ಪತ್ರ ತಂದು ಅಲ್ಲೇ ಸೇರಿಸಬಹುದು. ನಾನು ಊರಲ್ಲೇ ಇಟ್ಟುಕೊಳ್ಳಿ ಅಂತ ಹೇಳುತ್ತಿದ್ದೆ. ಓಟಿನ ನೆಪದಲ್ಲಾದರೂ ಮನೆಗೆ ಬರುತ್ತಾರೆ ಅಲ್ವಾ.

ನನ್ನ ತಕರಾರು ಇರುವುದು ಜಾಥಾದ ಟೈಮ್ ಬಗ್ಗೆ. ಎಲೆಕ್ಷನ್ ಘೋಷಣೆ ಆದ ಮೇಲೆ ಬ್ಯಾನರ್‌ಗಳು ಹೊರಗೆ ಬರುತ್ತವೆ. ನಾಮಪತ್ರ ಸಲ್ಲಿಸುವ ಕೊನೆಯ ದಿನಕ್ಕೆ ಪಟ್ಟಿಯ ಬಾಗಿಲು ಮುಚ್ಚುತ್ತದೆ. ಪರಿಶೀಲನೆಗೂ ದಿನ ಬೇಕಾಗುವುದರಿಂದ ಅದಕ್ಕೂ ಮುಂಚೆ ಅರ್ಜಿ ಕೊಟ್ಟಿರಬೇಕು. ಉತ್ಸಾಹ ಬಂದ ಹುಡುಗ ಆಗ ಓಡಿದರೂ ಮುಂದಿನ ಸಲವೇ ಗತಿ. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಜನವರಿ 2ಕ್ಕೆ ಹುಟ್ಟಿದವರು ಒಂದು ವರ್ಷ ಕಾಯಬೇಕಿತ್ತು. 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತವೆ. ಜಾಥಾ ಮಾಡಲೇಬೇಕಿದ್ದರೆ ಆ ತಿಂಗಳುಗಳ ಮುಂಚೆ ಮಾಡಲಿ.

ಮಾತುಕತೆಯಲ್ಲಿ ಗೊತ್ತಾದ ಇನ್ನೊಂದು ವಿಷಯ. ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ, ಲೋಕಸಭೆಗೆ ಮಾತ್ರ ಕೋಲಾರ ಕ್ಷೇತ್ರ. ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ ಯಲಹಂಕ ಇದೆ, ಶಿಡ್ಲಘಟ್ಟ ಇಲ್ಲ! 2024ರ ಏಪ್ರಿಲ್ 26ರಂದು ಮೊದಲ ಸಲ ಓಟು ಹಾಕಿದ ನನ್ನ ಗೆಳತಿಗೆ ಇದು ಗೊತ್ತಾಗಿದ್ದು ಬೂತಿನ ಒಳಗೆ, ಅಭ್ಯರ್ಥಿಗಳ ಹೆಸರುಗಳನ್ನು ನೋಡಿದಾಗ.

ನಮ್ಮನ್ನು ಬಾಯಿ ಮುಚ್ಚಿಸಿದ್ದು ಗೂಡಿನ ಮಾರುಕಟ್ಟೆ ಹತ್ತಿರ ಸಿಕ್ಕ ಒಬ್ಬ ಟೆಂಪೊ ಡ್ರೈವರ್. ‘ಓಟು ಹಾಕಿ ಅಂತೀರ ಅಕ್ಕಾ, ಜಿಲ್ಲಾ ಪಂಚಾಯ್ತಿಗೆ ಎಲೆಕ್ಷನ್ ಮಾಡಿ ಎಷ್ಟು ವರ್ಷ ಆಯ್ತು?’ ಎಂದ. 2016ರಲ್ಲಿ ಆರಿಸಿದವರ ಅವಧಿ 2021ಕ್ಕೇ ಮುಗಿದಿದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ವರದಿಯಲ್ಲಿ ಹಾಗೇ ಬರೆದಿದ್ದೇನೆ. ವೈವಾದಲ್ಲಿ ಇದರ ಬಗ್ಗೆ ಯಾರೂ ಕೇಳಲಿಲ್ಲ, ಜಾಥಾದ ಫೋಟೊ ಎಲ್ಲಿ ಎಂದು ಕೇಳಿದರು.

ಪ್ರಾಜೆಕ್ಟ್ ಮುಗಿದರೂ ಟೇಬಲ್ ಎತ್ತಿಲ್ಲ. ಈಗ ಸೆಕೆಂಡ್ ಪಿಯುಸಿ ಮಕ್ಕಳ ಹತ್ತಿರ ಹೋಗುತ್ತಿದ್ದೇವೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು. ಬರುವವರು ಆಧಾರ್ ಜೆರಾಕ್ಸ್ ಜೊತೆ ಪಾಸ್‌ಪೋರ್ಟ್ ಸೈಜ್ ಫೋಟೊ ತನ್ನಿ, ಬಿಳಿ ಬ್ಯಾಕ್‌ಗ್ರೌಂಡ್ ಇರಲಿ. ಗೆಳೆಯರ ಜೊತೆಗಿನ ಸೆಲ್ಫಿ ಕತ್ತರಿಸಿ ತಂದರೆ ವಾಪಸ್ ಕಳಿಸುತ್ತೇವೆ, ಈಗಾಗಲೇ ಕಳಿಸಿಯೂ ಆಗಿದೆ.