ಕೆರೆ ಸುತ್ತಿ ಬಂದಾಗ ಉಳಿದ ಎರಡು ಇಂಚು

ಹೋದ ಬೇಸಗೆಯಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಕೆರೆಗೆ ದಂಡೆ ಎತ್ತರಿಸುವ ಕೆಲಸ ಹಿಡಿದಿದ್ದೆವು. ಅಪ್ಪಯ್ಯ ಕೆರೆ ಸುತ್ತ ಹನ್ನೆರಡು ಗೂಟ ಹೊಡೆದಿದ್ದರು. ನೀರು ತುಂಬಿದ ಲೆವೆಲ್ ಪೈಪಿನ ಒಂದು ತುದಿ ಅವರ ಕೈಲಿ, ಇನ್ನೊಂದು ನನ್ನ ಕೈಲಿ. ಈ ಗೂಟಕ್ಕಿಂತ ಮುಂದಿನದು ಎಷ್ಟು ಎತ್ತರ, ಎಷ್ಟು ತಗ್ಗು ಅಂತ ಬರೆದುಕೊಳ್ಳುತ್ತಾ ಒಂದು ಸುತ್ತು ಬಂದೆವು. ಹೊರಟ ಗೂಟಕ್ಕೇ ವಾಪಸ್ ಬಂದ ಮೇಲೆ ಕೂಡಿದರೆ ಸೊನ್ನೆ ಬರಬೇಕು, ಅಲ್ವಾ? ಎರಡು ಇಂಚು ಉಳಿಯಿತು.

"ಹನ್ನೆರಡನೇದು ತಪ್ಪಿರ್ಬೇಕು, ಎರಡು ಇಂಚು ಇಳಿಸಿ ಬರಿ ಮಾರಾಯ" ಅಂದರು. ಇಳಿಸಿದೆ. ಈಗ ಒಂದನೇ ಗೂಟದ ಜೊತೆ ಸರಿಹೋಯಿತು, ಹನ್ನೊಂದನೇದರ ಜೊತೆ ಕೆಟ್ಟಿತು. ಅದನ್ನೂ ಇಳಿಸಿದರೆ ಜಗಳ ಹತ್ತಕ್ಕೆ ಹೋಯಿತು. ಎರಡು ಇಂಚು ಸುಮ್ನೆ ಕೆರೆ ಸುತ್ತುತ್ತಿತ್ತು, ಹೋಗಲಿಲ್ಲ.

ಪೆನ್ಸಿಲ್ ಹಿಡಿದು ಅಲ್ಲೇ ಕೂತುಬಿಟ್ಟೆ. ಎಂ.ಎಸ್ಸಿ. ಓದುವಾಗ ಬರೀ ಚಿಹ್ನೆಗಳಾಗಿ ಕಂಡಿದ್ದ ಶೀಫ್ ಕೊಹೊಮಾಲಜಿ ನಮ್ಮ ಕೆರೆ ದಂಡೆಯ ಮೇಲಿತ್ತು.

ಶೀಫ್ ಅಂದರೆ ಗದ್ದೆ ಕೊಯ್ದು ಕಟ್ಟುವ ಸಿವುಡು. ಗಣಿತದಲ್ಲಿ ಅದು ಜಾಗದ ಒಂದೊಂದು ತುಂಡಿಗೂ ಒಂದಷ್ಟು ಮಾಹಿತಿ ಕಟ್ಟಿಡುವ ಕ್ರಮ. ಎರಡು ತುಂಡು ಒಂದರ ಮೇಲೊಂದು ಬರುವ ಕಡೆ ಎರಡರ ಮಾತೂ ಒಂದೇ ಆಗಿದ್ದರೆ, ಅವನ್ನು ಸೇರಿಸಿ ದೊಡ್ಡದೊಂದು ಮಾಡಬಹುದು, ಅದೂ ಒಂದೇ ರೀತಿಯಲ್ಲಿ. ಪಕ್ಕಪಕ್ಕದ ಗೂಟಗಳ ಲೆಕ್ಕವೆಲ್ಲ ಕೈಲಿದ್ದೂ ಇಡೀ ಸುತ್ತಿಗೆ ಎತ್ತರ ಕೊಡಲು ಬರದಿದ್ದರೆ, ಆ ಅಡ್ಡಿಯನ್ನು ಅಳೆಯುವುದು ಮೊದಲನೇ ಕೊಹೊಮಾಲಜಿ. ನಮ್ಮ ಎರಡು ಇಂಚು ಅದೇ.

ಕೆರೆ ಜಾಗದಲ್ಲಿ ಗದ್ದೆ ಇದ್ದಿದ್ದರೆ ನಡುವೆ ಒಂದು ಗೂಟ ಹೊಡೆದು ತ್ರಿಕೋನ ತ್ರಿಕೋನವಾಗಿ ಅಳೆಯಬಹುದಿತ್ತು. ಪ್ರತಿ ತ್ರಿಕೋನವೂ ಸೊನ್ನೆಗೆ ಬಂದರೆ ಹೊರಗಿನ ಸುತ್ತೂ ಸೊನ್ನೆಗೆ ಬರಲೇಬೇಕು, ಯಾಕಂದ್ರೆ ಒಳಗಿನ ಅಳತೆಗಳು ಒಂದಕ್ಕೊಂದು ವಜಾ ಆಗುತ್ತವೆ. ನಡುವೆ ನೀರಿದ್ದರೆ ಆ ಕಟ್ಟುಪಾಡಿಲ್ಲ, ಎಷ್ಟು ಬೇಕಾದರೂ ಉಳಿಯಬಹುದು. ಎತ್ತರದ ಲೆಕ್ಕದಿಂದಲೇ ಜಾಗದಲ್ಲಿ ತೂತಿದೆಯಾ ಅಂತ ತಿಳಿಯುತ್ತದೆ! ಟೋಪಾಲಜಿಯಲ್ಲಿ, ಅಂದರೆ ಎಳೆದರೂ ಬಗ್ಗಿಸಿದರೂ ಬದಲಾಗದ ಆಕಾರದ ಗುಣಗಳ ಗಣಿತದಲ್ಲಿ, ನನಗೆ ಇದಕ್ಕಿಂತ ಚಂದದ ವಿಷಯ ಇನ್ನೊಂದಿಲ್ಲ.

ಶೀಫ್ ಕೊಹೊಮಾಲಜಿಯನ್ನು ಹುಟ್ಟುಹಾಕಿದ ಫ್ರೆಂಚ್ ಗಣಿತಜ್ಞ ಜಾನ್ ಲೆರೇ ಕೂಡ ನೀರಿನವರೇ. ದ್ರವಗಳ ಹರಿವಿನ ಗಣಿತದಲ್ಲಿ ದೊಡ್ಡ ಹೆಸರು. 1940ರಲ್ಲಿ ಜರ್ಮನ್ನರಿಗೆ ಸೆರೆಸಿಕ್ಕಿ 1945ರವರೆಗೆ ಆಸ್ಟ್ರಿಯಾದ ಎಡೆಲ್‌ಬಾಕ್ ಶಿಬಿರದಲ್ಲಿದ್ದರು. ತನ್ನ ವಿದ್ಯೆಯನ್ನು ಯುದ್ಧಕ್ಕೆ ಬಳಸಿಕೊಂಡಾರು ಅಂತ ಅದನ್ನು ಮುಚ್ಚಿಟ್ಟು, ಟೋಪಾಲಜಿಯವನು ಅಂತ ಹೇಳಿಕೊಂಡರು. ಜೊತೆಯ ಕೈದಿಗಳಿಗೆ ಪಾಠ ಮಾಡುತ್ತಾ ಕಟ್ಟಿದ ವಿಚಾರಗಳೇ ಶೀಫ್ ಆದವು. 1946ರಲ್ಲಿ ಪ್ರಕಟಿಸಿದರು. ಆಮೇಲೆ ಗಣಿತಜ್ಞ ಆನ್ರಿ ಕಾರ್ಟಾನ್ ಮತ್ತು ಸಂಗಡಿಗರು ಪ್ಯಾರಿಸ್ಸಿನಲ್ಲಿ ಅದನ್ನು ತಿದ್ದಿ ತೀಡಿದರು.

ನಮ್ಮ ಪೈಪಿನಲ್ಲಿ ಗಾಳಿ ಗುಳ್ಳೆ ಸೇರಿಕೊಂಡಿತ್ತು. ಬರೆದ ಲೆಕ್ಕ ಎಷ್ಟು ನೋಡಿದರೂ ಯಾವ ಅಳತೆ ಕೆಟ್ಟಿದೆ ಅಂತ ಗೊತ್ತಾಗುವ ಹಾಗಿರಲಿಲ್ಲ. ಮಾರನೇ ದಿನ ಗುಳ್ಳೆ ಬಿಡಿಸಿ, ಹನ್ನೆರಡನ್ನೂ ಮತ್ತೆ ಅಳೆದೆವು. ಸೊನ್ನೆ ಬಂತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯ ಕೇಳಿದರು: "ಕೆಳಗಿನ ಹೊಂಡಾನೂ ಸೇರಿಸಿ ಅಳೆದಿದ್ರೆ?"

"ಆಗ ಎರಡು ಸಂಖ್ಯೆ ಬೇಕಾಗ್ತಿತ್ತು ಅಪ್ಪಯ್ಯ. ಒಂದೊಂದು ತೂತಿಗೆ ಒಂದೊಂದು."