ಫೋರ್ಟಿನ ನಮ್ಮ ಕಚೇರಿ: ಕರೆಂಟು, ಕಾಗದ, ಚಹಾ ಲೋಟ

ಏಪ್ರಿಲ್

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿರುವ ನಮ್ಮದು ಲೆಕ್ಕಪರಿಶೋಧಕರ ಕಚೇರಿ. ಯಜಮಾನರು ಕುಂದಾಪುರದ ಕಡೆಯವರು. ಕೆಲಸದವರಲ್ಲಿ ಅರ್ಧಕ್ಕರ್ಧ ಕನ್ನಡ, ತುಳು ಆಡುವವರು. ಲೆಕ್ಕ ತಾಳೆ ನೋಡಲು ಬಳಸುವ ಹಸಿರು ಶಾಯಿಯನ್ನು ಬಿಟ್ಟರೆ ಇಲ್ಲಿ ಹಸಿರು ಎನ್ನುವಂಥದ್ದು ಏನೂ ಇರಲಿಲ್ಲ. ದೊಡ್ಡ ಗ್ರಾಹಕರೊಬ್ಬರಿಂದ ‘ನಿಮ್ಮ ಕಚೇರಿಯ ಪರಿಸರ ನೀತಿ ಏನು?’ ಎಂದು ಕೇಳುವ ಫಾರಂ ಬಂತು. ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳು 2022-23ರಿಂದ, ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ, ಪರಿಸರದಂಥ ವಿಷಯಗಳಲ್ಲಿ ತಮ್ಮ ನಡೆಯ ವರದಿ ಕೊಡಲೇಬೇಕು. ಅವರಿಗೆ ಬರುವ ಪ್ರಶ್ನೆ ಈಗ ಮೆಟ್ಟಿಲಿಳಿದು ನಮ್ಮಂಥವರ ತನಕ ಬಂದಿದೆ.

"ಏನಾದರೂ ನಾಲ್ಕು ಸಾಲು ಬರೆದು ಕಳುಹಿಸಿ ಮಾರಾಯರೇ" ಎಂದರು ಯಜಮಾನರು.

ವೋಚರ್ ಇಲ್ಲದ ಖರ್ಚನ್ನು ಪಾಸು ಮಾಡದವರು ನಾವು. ವೋಚರ್ ಇಲ್ಲದ ಪುಣ್ಯವನ್ನು ಬರೆದುಕೊಡುವುದು ಹೇಗೆ? ಹಾಗಾಗಿ ಗೋಡೆಗೆ ಭಿತ್ತಿಪತ್ರ ಅಂಟಿಸುವ, ಮೇಜಿಗೊಂದು ಗಿಡ ಇಡುವ ಸಲಹೆಗಳನ್ನು ಬದಿಗಿಟ್ಟು ಕರೆಂಟಿನ ಬಿಲ್ಲುಗಳನ್ನು ಹೊರತೆಗೆದೆ. ಬಸ್ಸು ಓಡಿಸುವ ಬೆಸ್ಟ್ ಸಂಸ್ಥೆಯೇ ಈ ಭಾಗಕ್ಕೆ ಕರೆಂಟನ್ನೂ ಕೊಡುತ್ತದೆ. ವರ್ಷದ ಬಿಲ್ಲುಗಳನ್ನು ಸಾಲಾಗಿ ಹಾಕಿ ನೋಡಿದರೆ ಮೇ ಮತ್ತು ಅಕ್ಟೋಬರ್ ಏರಿದ್ದವು, ಅದರಲ್ಲಿ ಆಶ್ಚರ್ಯವಿಲ್ಲ. ಕಣ್ಣಿಗೆ ಚುಚ್ಚಿದ್ದು ಜನವರಿ. ಎಸಿ ಹೆಚ್ಚುಕಡಿಮೆ ಬಂದ್ ಇದ್ದ ತಿಂಗಳಲ್ಲಿಯೂ ಬಿಲ್ಲು ಇಳಿಯಬೇಕಾದಷ್ಟು ಇಳಿದಿರಲಿಲ್ಲ.

ಕಾರಣ ಹುಡುಕಲು ಮೆಟ್ಟಿಲಿನ ಕೆಳಗಿರುವ ಮೀಟರ್ ಕೋಣೆಗೆ ಹೋದೆ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ನಮ್ಮದರಲ್ಲಿ ಅದು 1600. ಎಂದರೆ 1600 ಸಲ ಮಿನುಗಿದರೆ ಒಂದು ಯೂನಿಟ್. ಒಂದು ಮಿನುಗಿಗೂ ಮುಂದಿನ ಮಿನುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ, 2250 ಅನ್ನು ಅದರಿಂದ ಭಾಗಿಸಿದರೆ ಆ ಕ್ಷಣಕ್ಕೆ ಎಷ್ಟು ವಾಟ್ ಎಳೆಯುತ್ತಿದೆ ಎಂಬುದು ತಿಳಿಯುತ್ತದೆ. (ನಿಮ್ಮ ಮೀಟರಿನಲ್ಲಿ 3200 ಇದ್ದರೆ 1125 ಅನ್ನು ಭಾಗಿಸಿ.) ಇದಕ್ಕೆ ಯಾವ ಉಪಕರಣವೂ ಬೇಡ, ಮೊಬೈಲಿನ ಸ್ಟಾಪ್‌ವಾಚ್ ಸಾಕು.

ರಾತ್ರಿ ಎಂಟಕ್ಕೆ ಎಲ್ಲರೂ ಹೋದ ಮೇಲೆ, ಬೀಗ ಹಾಕಿದ ಕಚೇರಿಯ ಮೀಟರಿನ ದೀಪ ಆರು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. 375 ವಾಟ್. ಬೆಳಗ್ಗೆ ಒಂಬತ್ತರ ತನಕ ಹೀಗೇ ಓಡಿದರೆ ಐದು ಯೂನಿಟ್ಟಿಗೆ ಹತ್ತಿರ. ಭಾನುವಾರವಂತೂ ಇಡೀ ದಿನ. ಮತ್ತೆ ಬೀಗ ತೆಗೆದು ಒಳಗೆ ಕಾಕಾ ಒಂದೊಂದೇ ಸ್ವಿಚ್ ಆರಿಸಿದರು, ನಾನು ಕೆಳಗಿನಿಂದ ಫೋನಿನಲ್ಲಿ ಎಣಿಸಿದೆ. ಕಾಕಾ ನಮ್ಮ ಪ್ಯೂನ್, ರತ್ನಾಗಿರಿಯವರು. ಯಾವ ಪ್ಲಗ್ಗು ಯಾವುದಕ್ಕೆ ಎಂಬುದು ಅವರಿಗೆ ಗೊತ್ತಿರುವಷ್ಟು ವೈರಿಂಗ್ ಮಾಡಿದವನಿಗೂ ಗೊತ್ತಿರಲಾರದು. ಸಿಕ್ಕಿಬಿದ್ದ ಮುಖ್ಯ ಆರೋಪಿ ಕುಡಿಯುವ ನೀರಿನ ಡಿಸ್ಪೆನ್ಸರ್. ಯಾರೂ ಇಲ್ಲದ ರಾತ್ರಿಯಲ್ಲಿ ಒಂದು ಕಡೆ ನೀರು ಕಾಯಿಸುತ್ತ, ಇನ್ನೊಂದು ಕಡೆ ತಣಿಸುತ್ತ ಕೂತಿತ್ತು. ಜೊತೆಗೆ ಶೌಚಾಲಯದ ಎಕ್ಸಾಸ್ಟ್ ಫ್ಯಾನು, ಸ್ಕ್ರೀನ್‌ಸೇವರ್ ಹಾಕಿಬಿಟ್ಟ ಕಂಪ್ಯೂಟರುಗಳು. ಪರದೆಯ ಮೇಲೆ ಮೀನು ಈಜಾಡಿದರೆ ಕರೆಂಟು ಉಳಿಯುವುದಿಲ್ಲ, ಪರದೆ ಆರಬೇಕು. ಡಿಸ್ಪೆನ್ಸರಿಗೆ ಟೈಮರ್ ಹಾಕಿದೆವು. ಸರ್ವರ್ ಕಂಪ್ಯೂಟರನ್ನು ಮಾತ್ರ ಮುಟ್ಟಲಿಲ್ಲ.

ಮೇ

ಇನ್ನು ಎಸಿ. ಬಿಲ್ಲಿನ ಸಿಂಹಪಾಲು ಇದರದೇ, ಜಗಳದ್ದೂ.

ಯಜಮಾನರ ಮೇಜು ಪಶ್ಚಿಮದ ಕಿಟಕಿಯ ಪಕ್ಕ. ಹೊರಗಿನಿಂದ ಬಂದವರೇ ರಿಮೋಟನ್ನು 18ಕ್ಕೆ ಒತ್ತುವುದು ಅವರ ರೂಢಿ. ಎಸಿಗೆ ನೇರ ಕೆಳಗೆ ಕೂರುವ ಆರ್ಟಿಕಲ್ ಹುಡುಗಿ (ಸಿಎ ಓದುತ್ತ ಕಚೇರಿಯಲ್ಲಿ ಕೆಲಸ ಕಲಿಯುವವರನ್ನು ಹೀಗೆ ಕರೆಯುತ್ತೇವೆ) ಮೇ ತಿಂಗಳಲ್ಲಿ ಶಾಲು ಹೊದ್ದು ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಎಂಟ್ರಿ ಹಾಕುತ್ತಿದ್ದಳು. 18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿರುವಂಥ ಹಳೆಯ, ಇನ್ವರ್ಟರ್ ಅಲ್ಲದ ಯಂತ್ರಗಳ ಮಟ್ಟಿಗೆ ಸುಳ್ಳು. ಅವುಗಳ ಕಂಪ್ರೆಸರ್ ಓಡಿದರೆ ಒಂದೇ ವೇಗ, ಇಲ್ಲವಾದರೆ ನಿಂತಿರುತ್ತದೆ. 18 ಎಂದರೆ ‘ನಿಲ್ಲಬೇಡ’ ಎಂದು ಅಪ್ಪಣೆ ಕೊಟ್ಟ ಹಾಗೆ, ಅಷ್ಟೇ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಎಸಿಗಳು ಕಾರ್ಖಾನೆಯಿಂದಲೇ 24ಕ್ಕೆ ಹೊಂದಿಕೊಂಡು ಬರಬೇಕೆಂಬ ನಿಯಮವೂ ಇದೆ.

ಈ ಅಂಕಿಗಳನ್ನು ಓದಿ ಹೇಳಿದ್ದರಿಂದ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಫ್ಯಾನು. ಇಲ್ಲಿಯ ಕಷ್ಟ ಬಿಸಿಲಿಗಿಂತ ಸೆಖೆ, ಬೆವರು ಆರುವುದಿಲ್ಲ. ಮೈಮೇಲೆ ಗಾಳಿ ಆಡಿದರೆ 26ರಲ್ಲಿಯೂ ಹಿತವಾಗಿರುತ್ತದೆ. ಹಿಂದೊಮ್ಮೆ ಕಚೇರಿಯನ್ನು ‘ಚಂದ ಮಾಡುವ’ ಭರದಲ್ಲಿ ಫಾಲ್ಸ್ ಸೀಲಿಂಗ್ ಕೂರಿಸಿ, ಉದ್ದ ಕೊಳವೆಯಿಂದ ತೂಗುತ್ತಿದ್ದ ಹಳೆಯ ಫ್ಯಾನುಗಳನ್ನು ಕಿತ್ತಿದ್ದರಂತೆ. ಈಗ ಗೋಡೆಗೆ ಫ್ಯಾನು ಹಾಕಿಸಿದೆವು, ಯಜಮಾನರ ಕಿಟಕಿಗೆ ಹೊರಗಿನಿಂದ ಬಿದಿರು ಕಡ್ಡಿಯ ಪರದೆ ಇಳಿಬಿಟ್ಟೆವು. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದು ಹೆಚ್ಚು ಪ್ರಯೋಜನವಿಲ್ಲ, ಹೊರಗೇ ತಡೆಯಬೇಕು. ಎಸಿಯ ಫಿಲ್ಟರ್ ಬಿಚ್ಚಿದಾಗ ಜಾಳಿಗೆಯ ಮೇಲೆ ಬೂದು ಕಂಬಳಿಯ ಹಾಗೆ ಧೂಳು ಕೂತಿತ್ತು. ಅದನ್ನು ನಲ್ಲಿಯ ಕೆಳಗೆ ಹಿಡಿದಾಗ ಇಳಿದ ನೀರಿನ ಬಣ್ಣ ನೋಡಿ, ನಾವು ಉಸಿರಾಡಿದ್ದು ಇದನ್ನೇ ಎಂದು ಕಾಕಾ ಮೂಗು ಮುಚ್ಚಿಕೊಂಡರು. ಈಗ ತಿಂಗಳ ಮೊದಲ ಶನಿವಾರ ಫಿಲ್ಟರ್ ತೊಳೆಯುವುದು ಅವರದೇ ಹಟ.

ಎಸಿಯ ಪೈಪು ಇಷ್ಟು ದಿನ ಕೆಳಗಿನ ಫುಟ್‌ಪಾತಿನಲ್ಲಿ ನಡೆಯುವವರ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನು ಒಳಗೆ ತಿರುಗಿಸಿ ಬಕೆಟ್ಟಿಗೆ ಬಿಟ್ಟೆವು. ಗಾಳಿಯಲ್ಲಿನ ತೇವವೇ ತಣಿದು ಇಳಿದ ನೀರು. ಉಪ್ಪಿನಂಶ ಇಲ್ಲದಿದ್ದರೂ ಲೋಹ, ಧೂಳು ಸವರಿಕೊಂಡು ಬರುವುದರಿಂದ ಕುಡಿಯಲು ಆಗದು. ನೆಲ ಒರೆಸಲು ಧಾರಾಳವಾಗಿ ಸಾಕಾಗುತ್ತದೆ.

ಜುಲೈ

ಚಹಾ. ಮೊದಲು ಕೆಳಗಿನ ಅಂಗಡಿಯ ಹುಡುಗ ತಂತಿಯ ಸ್ಟ್ಯಾಂಡಿನಲ್ಲಿ ಗಾಜಿನ ಲೋಟಗಳನ್ನು ಸಿಕ್ಕಿಸಿಕೊಂಡು ಕಟಿಂಗ್ (ಅರ್ಧ ಲೋಟ ಚಹಾ) ತರುತ್ತಿದ್ದ. ಕೊರೋನಾ ಬಂದು ಹೋದ ಮೇಲೆ ಲೋಟ ಮಾಯವಾಗಿ ಕಾಗದದ ಕಪ್ಪು ಬಂತು. ಹೆಸರಿಗೆ ಕಾಗದ, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ. ಆ ಪದರ ಇಲ್ಲದಿದ್ದರೆ ಚಹಾ ಸೋರಿಹೋಗುತ್ತದೆ. ಖರಗ್‌ಪುರ ಐಐಟಿಯವರು ಪರೀಕ್ಷಿಸಿದಾಗ, 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇಂಥ ಕಪ್ಪಿನಲ್ಲಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ ಎಂದು ಕಂಡಿತು. ರದ್ದಿಯವನೂ ಈ ಕಪ್ಪನ್ನು ಮುಟ್ಟುವುದಿಲ್ಲ.

ಎಲ್ಲರಿಗೂ ಸ್ಟೀಲಿನ ಲೋಟ ತರಿಸಿದೆವು. ತಕ್ಷಣ ಎದ್ದ ಪ್ರಶ್ನೆ ಕಸ ಗುಡಿಸುವ ಮಾವಶಿಯದು: "ತೊಳೆಯುವವರು ಯಾರು?" ನ್ಯಾಯವಾದ ಪ್ರಶ್ನೆ. ಇಡೀ ಕಚೇರಿಯ ಪರಿಸರಪ್ರೇಮವನ್ನು ಆ ಹೆಂಗಸಿನ ಬೆನ್ನಿಗೆ ಹೊರಿಸುವುದಾದರೆ ಕಾಗದದ ಕಪ್ಪೇ ವಾಸಿ. ಅವರವರ ಲೋಟ ಅವರವರೇ ತೊಳೆಯಬೇಕು ಎಂದಾಯಿತು. ಯಜಮಾನರು ಎರಡು ದಿನ ಲೋಟವನ್ನು ಮೇಜಿನ ಮೇಲೆಯೇ ಬಿಟ್ಟರು, ಮೂರನೆಯ ದಿನ ಎದ್ದು ಸಿಂಕಿನ ತನಕ ನಡೆದರು. ಆಮೇಲೆ ಉಳಿದವರಿಗೆ ಹೇಳುವ ಅಗತ್ಯ ಬೀಳಲಿಲ್ಲ.

ಗೊಬ್ಬರದ ಡಬ್ಬಿ ಇಡೋಣವೆಂದು ಆರ್ಟಿಕಲ್‌ಗಳಿಗೆ ಬಲು ಉತ್ಸಾಹ. ಬೇಡವೆಂದೆ. ನಮ್ಮ ಹಸಿ ಕಸ ಒಂದಷ್ಟು ಬಾಳೆಹಣ್ಣಿನ ಸಿಪ್ಪೆ. ಬೇರೆಯಾಗಿ ಇಟ್ಟು ಪಾಲಿಕೆಯ ಗಾಡಿಗೆ ಕೊಟ್ಟರೆ ಆಯಿತು. ಓಡಾಟದ ವಿಷಯದಲ್ಲಿಯೂ ಮಾಡುವುದೇನಿಲ್ಲ: ಡೊಂಬಿವಿಲಿ, ಮೀರಾ ರೋಡುಗಳಿಂದ ಎಲ್ಲರೂ ಲೋಕಲ್ ರೈಲಿನಲ್ಲೇ ಬರುವವರು.

ಸೆಪ್ಟೆಂಬರ್

30ನೇ ತಾರೀಕಿನ ಟ್ಯಾಕ್ಸ್ ಆಡಿಟ್ ಗಡುವು ತಲೆಯ ಮೇಲಿದೆ, ಪ್ರಿಂಟರಿಗೆ ಬಿಡುವಿಲ್ಲ. ರಿಟರ್ನುಗಳೆಲ್ಲ ಆನ್‌ಲೈನ್ ಆಗಿ ಎಷ್ಟೋ ವರ್ಷವಾಯಿತು. ಆದರೂ ಬ್ಯಾಲೆನ್ಸ್ ಶೀಟಿನ ಕರಡು ಕೈಗೆ ಬಂದು, ಹಸಿರು ಶಾಯಿಯಲ್ಲಿ ಟಿಕ್ ಬೀಳುವ ತನಕ ನಮ್ಮ ಹಿರಿಯರಿಗೆ ಅದು ಲೆಕ್ಕವೇ ಅಲ್ಲ.

ಅವರ ಟಿಕ್ಕನ್ನು ಬಿಡಿಸಲು ಹೋಗಲಿಲ್ಲ. ಎರಡೂ ಬದಿ ಅಚ್ಚಾಗುವುದನ್ನೇ ಪ್ರಿಂಟರಿನ ಸಹಜ ಸ್ಥಿತಿ ಮಾಡಿದೆವು. ಒಂದೇ ಬದಿ ಬೇಕಾದವರು ಗುಂಡಿ ಹುಡುಕಿ ಒತ್ತಬೇಕು. ಮನುಷ್ಯನ ಸೋಮಾರಿತನದಷ್ಟು ನಂಬಿಕಸ್ಥ ಮಿತ್ರ ಇನ್ನೊಬ್ಬನಿಲ್ಲ. ಆರ್ಟಿಕಲ್‌ಗಳಿಗೆ ಬಳಸಿದ ಮಾನಿಟರುಗಳನ್ನು ಕೊಂಡು ತಲಾ ಎರಡು ಪರದೆ ಕೊಟ್ಟೆವು. ಒಂದರಲ್ಲಿ ಲೆಡ್ಜರ್, ಇನ್ನೊಂದರಲ್ಲಿ ಬಿಲ್ಲು ಕಂಡರೆ ಅಚ್ಚು ಹಾಕಿ ಪಕ್ಕಕ್ಕಿಟ್ಟುಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಹಳೆಯ ಕಾಗದದ್ದು ಬೇರೆಯೇ ತಲೆನೋವು. ಕಂಪನಿ ಕಾಯಿದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು 8 ವರ್ಷ ಇಡಬೇಕು, ಜಿಎಸ್‌ಟಿಯದು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು. ಆ ಹೊಣೆ ಗ್ರಾಹಕರದು. ಅವರ ಪುಸ್ತಕಗಳ ನಕಲನ್ನು ನಾವೂ ಅಟ್ಟದ ಮೇಲೆ ಪೇರಿಸಿಕೊಂಡದ್ದು ಯಾವ ಕಾಯಿದೆಯಲ್ಲಿಯೂ ಇಲ್ಲ. ಇಳಿಸಿದೆವು. ಪ್ರತಿ ಕಟ್ಟಿನಲ್ಲಿಯೂ ಅಲ್ಲಲ್ಲಿ ಪ್ಯಾನ್, ಆಧಾರ್, ಬ್ಯಾಂಕ್ ಖಾತೆಯ ಸಂಖ್ಯೆ. ಹಾಗೆಯೇ ರದ್ದಿಗೆ ಹಾಕಿದರೆ ನಾಳೆ ಯಾರೋ ಅದರಲ್ಲಿ ಶೇಂಗಾ ಕಟ್ಟಿಕೊಡುತ್ತಾರೆ. ಚೂರು ಮಾಡಿದರೆ ರದ್ದಿಯವನು ಮುಖ ಸಿಂಡರಿಸುತ್ತಾನೆ, ಏಕೆಂದರೆ ನಾರು ತುಂಡಾದ ಕಾಗದಕ್ಕೆ ಬೆಲೆ ಕಡಿಮೆ. ಕೊನೆಗೆ ಗುಟ್ಟಿನ ಪುಟಗಳನ್ನು ಮಾತ್ರ ಚೂರು ಮಾಡಿ, ಉಳಿದದ್ದನ್ನು ಇಡಿಯಾಗಿ ಕೊಟ್ಟೆವು. ಪೆಟ್ರೋಲ್ ಬಂಕಿನ, ಟೋಲಿನ ನುಣುಪು ಚೀಟಿಗಳು ರದ್ದಿಯ ರಾಶಿಗೆ ಸೇರಬಾರದು. ಅದು ಥರ್ಮಲ್ ಕಾಗದ, ಮೈಗೆಲ್ಲ ರಾಸಾಯನಿಕ ಲೇಪ.

ನವೆಂಬರ್

ಅಟ್ಟ ಖಾಲಿಯಾದಾಗ ಹಿಂದೆ ಅಡಗಿದ್ದ ಡಬ್ಬಾ ಮಾನಿಟರುಗಳು, ಸತ್ತ ಯುಪಿಎಸ್‌ಗಳು ಹೊರಬಿದ್ದವು. ಗುಜರಿಯವನು ಹೇಳಿದ ಬೆಲೆ, ನೋಂದಾಯಿತ ಮರುಬಳಕೆದಾರರು ಹೇಳಿದ್ದಕ್ಕಿಂತ ಹೆಚ್ಚು. ಹೆಚ್ಚಿರಲೇಬೇಕು: ಆಸಿಡ್ಡನ್ನು ಚರಂಡಿಗೆ ಸುರಿದು, ತಂತಿಯನ್ನು ಬಯಲಿನಲ್ಲಿ ಸುಟ್ಟು ತಾಮ್ರ ತೆಗೆಯುವವರಿಗೆ ಖರ್ಚೇನಿದೆ? 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳನ್ನು ಯಜಮಾನರ ಮುಂದಿಟ್ಟೆ. ಅವರು ಎರಡೂ ಬೆಲೆಗಳನ್ನು ನೋಡಿ, "ಇವರು ಸರ್ಟಿಫಿಕೇಟ್ ಕೊಡುತ್ತಾರೆಯೇ?" ಎಂದು ಕೇಳಿದರು. ಕೊಡುತ್ತಾರೆ ಸರ್ ಎಂದೆ. "ಹಾಗಾದರೆ ಅದೇ ವೋಚರ್. ಕೊಟ್ಟುಬಿಡಿ." ಹಾರ್ಡ್ ಡಿಸ್ಕುಗಳಿಗೆ ಡ್ರಿಲ್ಲಿನಿಂದ ತೂತು ಹೊಡೆಸಿ ಕಳುಹಿಸಿದೆವು. ಬ್ಯಾಟರಿಗಳು ಹೊಸದನ್ನು ಕೊಟ್ಟ ಅಂಗಡಿಗೇ ಮರಳಿದವು.

ಫಾರಂ ತುಂಬಿ ಕಳುಹಿಸಿಯಾಯಿತು; ಪ್ರತಿ ಉತ್ತರಕ್ಕೂ ಹಿಂದೆ ಒಂದು ಕಾಗದವಿದೆ. ಬಾಕಿ ಇರುವುದು ಮೆಟ್ಟಿಲಿನ ಟ್ಯೂಬ್‌ಲೈಟುಗಳು, ಹಗಲು ರಾತ್ರಿ ಉರಿಯುವ ಹಳೆಯ ಚೋಕಿನವು. ಕಟ್ಟಡ ಪಗಡಿಯದು, ಎಂದರೆ ಮೊದಲಿಗೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಇರುವ ಹಳೆಯ ಪದ್ಧತಿಯದು. ಬದಲಿಸುವುದು ಬಾಡಿಗೆದಾರರ ಕೆಲಸ ಎನ್ನುತ್ತಾರೆ ಮಾಲೀಕರು, ಮಾಲೀಕರದು ಎನ್ನುತ್ತಾರೆ ಬಾಡಿಗೆದಾರರು. ಎಲ್ಇಡಿ ಕೂರಿಸುವ ಒಟ್ಟು ಖರ್ಚನ್ನು ಎಂಟು ಕಚೇರಿಗಳಿಗೆ ಹಂಚಿ ಒಂದು ಹಾಳೆಯ ಪತ್ರ ಮಾಡಿದ್ದೇನೆ, ಎರಡೂ ಬದಿ ಅಚ್ಚು ಹಾಕಿಸಿ. ಎರಡನೆಯ ಮಹಡಿಯ ವಕೀಲರು ಸಹಿ ಮಾಡಿದ್ದಾರೆ. ಪಕ್ಕದ ಟ್ರಾವೆಲ್ಸ್‌ನವರು ದೀಪಾವಳಿ ಬೋನಸ್ ಮುಗಿಯಲಿ, ಆಮೇಲೆ ಬನ್ನಿ ಎಂದಿದ್ದಾರೆ.