ಇನ್ನೂರು ಅಡಿ ಸಾಕು ಮಾವ

ಮಾವನ ಮಗಳ ಮದುವೆ ಶಿವಮೊಗ್ಗದ ಹೊರವಲಯದ ಕಲ್ಯಾಣ ಮಂಟಪದಲ್ಲಿ. ದಿಬ್ಬಣ ಬರುವುದನ್ನು ಮೇಲಿಂದ ತೆಗೆಸಲೇಬೇಕೆಂದು ಮಾವನ ಹಟ. ಫೋಟೋದ ಹುಡುಗ ಹಿಂದಿನ ಸಂಜೆ ಎರಡು ಡ್ರೋನ್ ತಂದಿಟ್ಟ. ಒಂದು 249 ಗ್ರಾಂನದು, ಇನ್ನೊಂದು ಮುಕ್ಕಾಲು ಕೆ.ಜಿ. ಹತ್ತಿರದ್ದು. ಹವ್ಯಾಸಕ್ಕೆ ಡ್ರೋನ್ ಹಾರಿಸುವ ನನ್ನನ್ನು ಕರೆದು ಮಾವ, "ನೀನೇ ನೋಡಿ ಹೇಳಪ್ಪ" ಎಂದರು.

"ಚಿಕ್ಕದಕ್ಕೆ ಯಾವ ರೂಲ್ಸೂ ಇಲ್ಲ ಸಾರ್" ಎಂದ ಹುಡುಗ. ಎಲ್ಲರೂ ಹೇಳುವ ಈ ಮಾತು ಅರ್ಧ ಮಾತ್ರ ನಿಜ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂವರೆಗಿನ ನ್ಯಾನೊ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ, ದುಡ್ಡಿಗೆ ಹಾರಿಸಿದರೂ ಬೇಡ. ನೋಂದಣಿ ಮಾತ್ರ ಬೇಕೇ ಬೇಕು, ಅನುಮತಿಯಿಲ್ಲದೆ ಹಾರಿಸಬಾರದ ಕೆಂಪು ವಲಯ ಅದಕ್ಕೂ ಕೆಂಪೇ. ಅಲ್ಲಿಂದ ಮೇಲೆ 2 ಕೆ.ಜಿ.ವರೆಗಿನ ಮೈಕ್ರೊ ಕಥೆ ಬೇರೆ. ಆ ಮುಕ್ಕಾಲು ಕೆ.ಜಿ.ಯದನ್ನು ನಾನು ಭಾನುವಾರ ತೋಟದ ಮೇಲೆ ಖುಷಿಗೆ ಹಾರಿಸಿದರೆ ಸರ್ಟಿಫಿಕೇಟ್ ಕೇಳುವುದಿಲ್ಲ. ಹುಡುಗ ಮದುವೆ ಪ್ಯಾಕೇಜಿಗೆ ಸೇರಿಸಿ ಹಾರಿಸಿದರೆ ಕೇಳುತ್ತಾರೆ. ನನಗಂತೂ ಇದು ಸರಿಯೆನಿಸುತ್ತದೆ. ದುಡ್ಡು ಕೊಟ್ಟವರು ಪಕ್ಕದಲ್ಲೇ ನಿಂತು "ಇನ್ನೂ ಸ್ವಲ್ಪ ಹತ್ರ ತಗೊಂಡ್ಹೋಗು" ಎನ್ನುವಾಗ ಆಗಲ್ಲ ಎನ್ನಲು ತರಬೇತಿ ಬೇಕು. ಹುಡುಗನ ಬಳಿ ಸರ್ಟಿಫಿಕೇಟ್ ಇರಲಿಲ್ಲ. ದೊಡ್ಡದು ಪೆಟ್ಟಿಗೆ ಸೇರಿತು.

ಚಿಕ್ಕದರ ನೋಂದಣಿ ಆಗಿತ್ತು. ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂದು ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಮೊಬೈಲಿನಲ್ಲಿ ತೆರೆದೆವು. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ಆದರೆ ಮಂಟಪ ಸೋಗಾನೆ ವಿಮಾನ ನಿಲ್ದಾಣದ ಗಡಿಯಿಂದ ಹತ್ತು ಕಿ.ಮೀ. ಆಸುಪಾಸು. 8ರಿಂದ 12 ಕಿ.ಮೀ. ನಡುವೆ 200 ಅಡಿಯೇ ಮಿತಿ. 2023ರಲ್ಲಿ ನಿಲ್ದಾಣ ಉದ್ಘಾಟನೆಯಾದಾಗ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಕೊಂಡಿದ್ದ ಮಾವ ಈಗ, "ಮದುವೆ ನಂದು, ಮಂಟಪದ ಬಾಡಿಗೆ ನಂದು, ಆಕಾಶ ಮಾತ್ರ ಅವರ್ದಾ?" ಎಂದು ರೇಗಿದರು. "ಹೌದು ಮಾವ" ಎಂದೆ. ಬೇರೇನು ಹೇಳಲಿ?

ಮದುವೆಯ ಬೆಳಿಗ್ಗೆ ನಕ್ಷೆಯನ್ನು ಇನ್ನೊಮ್ಮೆ ನೋಡಿಸಿದೆ. ಗಣ್ಯರು ಬರುವುದಿದ್ದರೆ ಪೊಲೀಸರು 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಅಂಥದ್ದೇನೂ ಇರಲಿಲ್ಲ. ಹುಡುಗ ಜನರ ತಲೆಯ ಮೇಲೆ ತಾರದೆ, ಪಕ್ಕದ ಗದ್ದೆಯ ಮೇಲಿಂದಲೇ ದಿಬ್ಬಣ ತೆಗೆದ. ಓಲಗದವರ ಮುಖ ಕೂಡ ಕಾಣುವಷ್ಟು ಚೆನ್ನಾಗಿ ಬಂತು.

ಊಟದ ಪಂಕ್ತಿಯಲ್ಲಿ ಮಾವ ಪಕ್ಕಕ್ಕೆ ಬಂದು ಕೂತರು. "ಅಡಿಕೆಗೆ ಔಷಧಿ ಹೊಡೆಯೋ ಡ್ರೋನಿನವ್ನು ಬರ್ತೀನಿ ಅಂದಿದಾನೆ. ಅದು ಭಾರೀ ದೊಡ್ಡದಲ್ವಾ, ಅವನ ಹತ್ರಾನೂ ಸರ್ಟಿಫಿಕೇಟ್ ಕೇಳ್ಬೇಕಾ?"

"ಅಡ್ವಾನ್ಸ್ ಕೊಡೋಕೆ ಮುಂಚೇನೇ ಕೇಳಿ ಮಾವ."